ನಮ್ಮ ವೈಮಾನಿಕರ ಸಂಬಳ ಮತ್ತು ಸೇವೆ

ಭಾರತ ಸರಕಾರದವರು 2025ನೆಯ ನವೆಂಬರಿನಲ್ಲಿ ಎಂಟನೆಯ ವೇತನ ಆಯೋಗವನ್ನು ನೇಮಿಸಿದುದು ವಾಚಕರಿಗೆ ತಿಳಿದ ವಿಷಯವಷ್ಟೆ. ನ್ಯಾಯಮೂರ್ತಿ ಶ್ರೀಮತಿ ರಂಜನಾ ಪ್ರಕಾಶ ದೇಸಾಯಿಯವರು ಅದರ ಅಧ್ಯಕ್ಷರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಪ್ರೊಫೆಸರ್ ಪುಲಕ್ ಘೋಷರು ಸದಸ್ಯರಲ್ಲೊಬ್ಬರು. 18 ತಿಂಗಳೊಳಗಾಗಿ ವರದಿಯನ್ನೊಪ್ಪಿಸತಕ್ಕದ್ದೆಂದು ಅದಕ್ಕೆ ವಿಧಿಸಲಾಗಿದೆ. ಆ ವಾರ್ತೆ ಹೊರಟಂದಿನಿಂದ ಕಚೇರಿಗಳಲ್ಲಿಯೂ ರೈಲುಬಂಡಿಗಳಲ್ಲಿಯೂ ಕಾಫಿ ಹೋಟೆಲುಗಳಲ್ಲಿಯೂ ಒಂದೇ ಚರ್ಚೆ: ಈಗಿನ ಸಂಬಳವನ್ನು ಎಷ್ಟರಿಂದ ಗುಣಿಸುವರು? ಗುಮಾಸ್ತರ ಸಂಘ, ರೈಲ್ವೆ ನೌಕರರ ಸಂಘ, ಪಿಂಚಣಿದಾರರ ಸಂಘ, ಎಲ್ಲರೂ ತಮ್ಮ ತಮ್ಮ ಬಿನ್ನಹಗಳನ್ನು ಸಿದ್ಧಪಡಿಸುತ್ತಿರುವರು. ಇದು ನ್ಯಾಯವೇ ಆಗಿದೆ. ಕೇಳದಿದ್ದರೆ ತಾಯಿಯೂ ಹಾಲೂಡಿಸಳೆಂಬುದು ನಮ್ಮ ಹಿರಿಯರ ಮಾತು.

ಆದರೆ ಕೇಳುವುದಕ್ಕೇ ಅಧಿಕಾರವಿಲ್ಲದ ಒಂದು ವರ್ಗವುಂಟು. ಸೈನಿಕರಿಗೆ ಸಂಘ ಕಟ್ಟಿಕೊಳ್ಳುವ ಹಕ್ಕಿಲ್ಲ. ಸಭೆ ಸೇರಿಸಿ ಠರಾವು ಮಾಡುವಂತಿಲ್ಲ. ಮೇಲಿನವರ ಅಪ್ಪಣೆಯಿಲ್ಲದೆ ಪತ್ರಿಕೆಗೆ ನಾಲ್ಕು ಪಂಕ್ತಿಗಳನ್ನು ಬರೆಯುವಂತೆಯೂ ಇಲ್ಲ. ಶಿಸ್ತಿನ ದೃಷ್ಟಿಯಿಂದ ಇದು ಆವಶ್ಯಕವೆಂಬುದನ್ನು ನಾವು ಒಪ್ಪುವೆವು. ಆದರೆ ಬಾಯಿ ಕಟ್ಟಿಸಿಕೊಂಡವನ ಪರವಾಗಿ ಮಾತನಾಡುವ ಹೊಣೆ ಉಳಿದವರ ಮೇಲೆ ಬೀಳುವುದು. ಸೈನಿಕರಲ್ಲಿಯೂ ಎಣಿಕೆಯಲ್ಲಿ ಅತ್ಯಲ್ಪರಾಗಿ, ತಯಾರಿಕೆಯಲ್ಲಿ ಅತ್ಯಂತ ದುಬಾರಿಯಾಗಿ, ಒಮ್ಮೆ ಕಳೆದುಹೋದರೆ ಬೇಗನೆ ತುಂಬಲಾರದವರಾಗಿ ಇರುವ ವಾಯುಸೇನೆಯ ವೈಮಾನಿಕರ ವಿಷಯವಾಗಿ ಈ ದಿನ ಕೆಲವು ಮಾತುಗಳನ್ನು ವಾಚಕರ ಮುಂದಿಡಲು ಇಚ್ಛಿಸಿರುವೆವು.

ವೈಮಾನಿಕನು ತಯಾರಾಗುವ ಬಗೆ

ವೈಮಾನಿಕನು ಸಂತೆಯಲ್ಲಿ ಸಿಕ್ಕುವ ಸರಕಲ್ಲ. ಅವನನ್ನು ತಯಾರಿಸುವ ಕಾರ್ಯದಲ್ಲಿ ನಮ್ಮ ನಾಡಿನ ಪಾತ್ರವು ದೊಡ್ಡದಾಗಿದೆ. ವಾಯುಸೇನೆಯ ಆಯ್ಕೆ ಮಂಡಲಿಗಳಲ್ಲೊಂದು ಮೈಸೂರಿನಲ್ಲಿದೆ. ಅಲ್ಲಿ ಪೈಲಟನ ಯೋಗ್ಯತೆಯನ್ನು ಅಳೆಯುವ ಯಂತ್ರಪರೀಕ್ಷೆಯನ್ನು ಒಬ್ಬನು ಜನ್ಮದಲ್ಲಿ ಒಂದೇ ಬಾರಿ ಕೊಡಬಹುದು. ಅದರಲ್ಲಿ ತಪ್ಪಿದವನಿಗೆ ಪೈಲಟನಾಗುವ ಬಾಗಿಲು ಮತ್ತೆ ತೆರೆಯುವುದಿಲ್ಲ. ಗೆದ್ದವರ ಕಣ್ಣು, ಕಿವಿ, ಹೃದಯ, ಬೆನ್ನೆಲುಬುಗಳನ್ನು ಬೆಂಗಳೂರಿನ ವಾಯುಯಾನ ವೈದ್ಯಸಂಸ್ಥೆಯಂಥ ಕಡೆಗಳಲ್ಲಿ ಶೋಧಿಸುವರು. ಬಳಿಕ ಹೈದರಾಬಾದಿನ ಬಳಿಯ ದುಂಡಿಗಲ್ಲಿನಲ್ಲಿ ಮೊದಲ ಪಾಠ. ಅಲ್ಲಿಂದ ಮುಂದೆ ಸರಕುವಿಮಾನಗಳ ಪಾಲಿಗೆ ಹೋಗುವವರು ನಮ್ಮ ಯಲಹಂಕಕ್ಕೂ, ಹೆಲಿಕಾಪ್ಟರಿನವರು ಹಕೀಂಪೇಟೆಗೂ, ಯುದ್ಧವಿಮಾನಕ್ಕೆ ಆಯ್ಕೆಯಾದವರು ನಮ್ಮ ಬೀದರಿಗೂ ಬರುವರು. ಬೀದರಿನ ಆಕಾಶದಲ್ಲಿ ಹಗಲೆಲ್ಲ ಗರ್ಜಿಸುವ ಹಾಕ್ ವಿಮಾನಗಳಲ್ಲಿ ಹೆಚ್ಚಿನವು ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿಯೇ ಜೋಡಿಸಲ್ಪಟ್ಟವು. ಈ ಎಲ್ಲ ಶಿಕ್ಷಣದ ಮೇಲಾಡಳಿತವನ್ನು ನೋಡಿಕೊಳ್ಳುವ ತರಬೇತಿ ಕಮಾಂಡಿನ ಕೇಂದ್ರವೂ ಬೆಂಗಳೂರಿನಲ್ಲಿದೆ.

ಇಷ್ಟಾದ ಮೇಲೆಯೂ ಆ ಯುವಕನು ಅರ್ಧ ವೈಮಾನಿಕನೇ ಸರಿ. ದಳಕ್ಕೆ ಸೇರಿ, ರಾತ್ರಿಯಲ್ಲಿ, ಮಳೆಯಲ್ಲಿ, ಹಿಮಾಲಯದ ಕಣಿವೆಗಳಲ್ಲಿ ಹಾರಿ, ಅಸ್ತ್ರಗಳನ್ನು ಪ್ರಯೋಗಿಸಲು ಕಲಿತು, ಇತರರನ್ನು ಮುನ್ನಡೆಸುವ ಯೋಗ್ಯತೆಯನ್ನು ಪಡೆಯಲು ಇನ್ನೂ ಅನೇಕ ವರ್ಷಗಳು ಬೇಕು. ಇದರ ವೆಚ್ಚವೆಷ್ಟು? ಅಮೆರಿಕದ ರ್‍ಯಾಂಡ್ ಸಂಸ್ಥೆಯವರು 2019ರಲ್ಲಿ ತಮ್ಮ ದೇಶದ ವಾಯುಸೇನೆಗಾಗಿ ಈ ಲೆಕ್ಕವನ್ನು ತೆಗೆದಿರುವರು. ಸಿ-17 ಸರಕುವಿಮಾನದ ಪೈಲಟನೊಬ್ಬನ ಮೂಲ ತರಬೇತಿಗೆ ಸುಮಾರು 11 ಲಕ್ಷ ಡಾಲರು, ಎಫ್-16ರ ಪೈಲಟನಿಗೆ ಸುಮಾರು 56 ಲಕ್ಷ ಡಾಲರು, ಎಫ್-22ರವನಿಗೆ ಸುಮಾರು 1 ಕೋಟಿ 9 ಲಕ್ಷ ಡಾಲರು. ಹೊಸಬರನ್ನು ಹೆಚ್ಚು ಹೆಚ್ಚಾಗಿ ತಯಾರಿಸುವುದಕ್ಕಿಂತ ಇರುವವರಿಗೆ ಹೆಚ್ಚು ಹಣ ಕೊಟ್ಟು ಉಳಿಸಿಕೊಳ್ಳುವುದೇ ಸರಕಾರಕ್ಕೆ ಲಾಭಕರವೆಂಬುದು ಅವರು ತಲುಪಿದ ನಿರ್ಣಯ. ನಮ್ಮ ದೇಶದ ಬೆಲೆಗಳು ಬೇರೆಯಾಗಿರಬಹುದು. ಆದರೆ ಲೆಕ್ಕದ ರೀತಿ ಬೇರೆಯಲ್ಲ.

ಕೊರತೆಯ ಪ್ರಮಾಣ

ನಮ್ಮಲ್ಲಿ ಪರಿಸ್ಥಿತಿ ಹೇಗಿದೆಯೆಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಭಾರತದ ಮಹಾಲೇಖಪಾಲರು ವಾಯುಸೇನೆಯ ಪೈಲಟ್ ತರಬೇತಿಯನ್ನು ಪರಿಶೋಧಿಸಿ ಸಲ್ಲಿಸಿದ ವರದಿಯು 2024ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದಿತು. 2015ರ ಆರಂಭದಲ್ಲಿ ವಾಯುಸೇನೆಗೆ 486 ಪೈಲಟರ ಕೊರತೆಯಿತ್ತು. ಅದನ್ನು ತುಂಬುವ ಉದ್ದೇಶದಿಂದ 2016ರಿಂದ 2021ರವರೆಗೆ ವರ್ಷಕ್ಕೆ 222 ಶಿಕ್ಷಾರ್ಥಿಗಳನ್ನು ತೆಗೆದುಕೊಳ್ಳಬೇಕೆಂದು ಯೋಜಿಸಿದ್ದರು. ಅಷ್ಟು ಜನರು ಬರಲಿಲ್ಲ. 2021ರ ಕೊನೆಯಲ್ಲಿ ಕೊರತೆಯು 596ಕ್ಕೆ ಏರಿತ್ತು! ತುಂಬಲು ಹೊರಟ ಹಳ್ಳವು ಇನ್ನೂ ಆಳವಾಯಿತೆಂದ ಮೇಲೆ, ಯೋಜನೆಯಲ್ಲಿ ಏನೋ ದೋಷವಿರಬೇಕೆಂಬುದನ್ನು ಬೇರೆ ಹೇಳಬೇಕೆ?

ದೋಷದ ಒಂದು ಭಾಗವು ತರಬೇತಿಯ ವಿಮಾನಗಳದು. ಹಳೆಯ ಎಚ್‌ಪಿಟಿ-32 ವಿಮಾನಗಳನ್ನು 2009ರ ಅಪಘಾತದ ಬಳಿಕ ನಿಲ್ಲಿಸಿಬಿಟ್ಟರು. 2013ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಪಿಲಾಟಸ್ ವಿಮಾನಗಳ ಪೈಕಿ ಹದಿನಾರರಲ್ಲಿ 2021ರವರೆಗೆ 38 ಸಲ ಎಂಜಿನಿನ ಎಣ್ಣೆ ಸೋರಿದುದನ್ನು ಅದೇ ವರದಿಯು ಹೇಳುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಟಿಟಿ-40 ವಿಮಾನಗಳಲ್ಲಿ 70ನ್ನು ಕೊಳ್ಳುವ ಕರಾರು 2023ರ ಮಾರ್ಚಿನಲ್ಲಿ ಆಯಿತು. ಇವೆಲ್ಲ ಆಗಬೇಕಾದ ಕಾರ್ಯಗಳೇ. ಆದರೆ ನಲ್ಲಿಯನ್ನು ದೊಡ್ಡದು ಮಾಡುವವರು ತೊಟ್ಟಿಯ ತೂತಿನ ಕಡೆಗೂ ನೋಡತಕ್ಕದ್ದು. ತರಬೇತಿ ಪಡೆದವರು ಏಕೆ ಹೋಗುವರು, ಯಾವಾಗ ಹೋಗುವರು ಎಂಬುದೇ ಆ ತೂತು.

ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ವಾಯುಸೇನೆಗೆ 42 ಯುದ್ಧದಳಗಳು ಮಂಜೂರಾಗಿವೆ. 2025ರ ಸೆಪ್ಟೆಂಬರ್ 26ರಂದು ಮಿಗ್-21 ವಿಮಾನಗಳು ನಿವೃತ್ತವಾದಾಗ ಉಳಿದವು 29 ಮಾತ್ರ. ವಿಮಾನಗಳೇ ಇಲ್ಲದಿರುವಾಗ ಪೈಲಟರ ಚಿಂತೆಯೇಕೆ? ಇದಕ್ಕೆ ಉತ್ತರವು ಆ ಸಮಾರಂಭದ ಹಿಂದಿನ ದಿನವೇ ದೊರೆತಿದೆ. ಸೆಪ್ಟೆಂಬರ್ 25ರಂದು ಸರಕಾರದವರು 97 ತೇಜಸ್ ವಿಮಾನಗಳಿಗಾಗಿ ಹಿಂದೂಸ್ಥಾನ್ ಏರೋನಾಟಿಕ್ಸ್‌ನೊಡನೆ 62,370 ಕೋಟಿ ರೂಪಾಯಿಗೆ ಮೀರಿದ ಕರಾರು ಮಾಡಿಕೊಂಡರು. ವಿಮಾನಗಳು ಬರುವುವು. ಅವು ಬಂದಾಗ ಅವುಗಳನ್ನು ನಡೆಸಲು ಹತ್ತು ಹನ್ನೆರಡು ವರ್ಷ ನುರಿತ ಕೈಗಳು ಬೇಕು. ಹನ್ನೆರಡು ವರ್ಷದ ಅನುಭವವನ್ನು ಹನ್ನೆರಡು ತಿಂಗಳಲ್ಲಿ ತಯಾರಿಸುವ ಕಾರ್ಖಾನೆಯು ಬೆಂಗಳೂರಿನಲ್ಲಿಯೂ ಇಲ್ಲ, ಬೇರೆಲ್ಲಿಯೂ ಇಲ್ಲ.

ಈಗ ದೊರೆಯುವುದೇನು?

ಏಳನೆಯ ವೇತನ ಆಯೋಗದ ಕ್ರಮದಲ್ಲಿ ಹೊಸದಾಗಿ ಸೇರಿದ ಫ್ಲೈಯಿಂಗ್ ಆಫೀಸರನ ಮೂಲ ವೇತನ 56,100 ರೂಪಾಯಿ. ಫ್ಲೈಟ್ ಲೆಫ್ಟಿನೆಂಟನಿಗೆ 61,300ರಿಂದ, ಸ್ಕ್ವಾಡ್ರನ್ ಲೀಡರನಿಗೆ 69,400ರಿಂದ, ವಿಂಗ್ ಕಮಾಂಡರನಿಗೆ 1,21,200ರಿಂದ ಆರಂಭ. ಇದರ ಮೇಲೆ ಸೈನಿಕ ಸೇವಾ ವೇತನವೆಂದು 15,500, ತುಟ್ಟಿಭತ್ಯೆ ಬೇರೆ. ಹಾರುವವರಿಗೆ ಮಾತ್ರ ಸಲ್ಲುವ ಹಾರಾಟದ ಭತ್ಯೆಯು 2017ರ ಜುಲೈಯಿಂದ ಅಧಿಕಾರಿಗಳಿಗೆ ತಿಂಗಳಿಗೆ 25,000, ಅಧಿಕಾರಿಗಳಲ್ಲದ ವೈಮಾನಿಕರಿಗೆ 17,300. ತುಟ್ಟಿಭತ್ಯೆಯು ಶೇಕಡಾ 50ನ್ನು ತಲುಪಿದಾಗ ಇಂತಹ ಭತ್ಯೆಗಳು ಕಾಲುಭಾಗ ಏರತಕ್ಕದ್ದೆಂಬ ನಿಯಮವಿದ್ದು, 2024ರ ಜನವರಿಯಲ್ಲಿ ಆ ಮಟ್ಟ ಮುಟ್ಟಿತು. ಅದರಂತೆ ಲೆಕ್ಕ ಹಾಕಿದರೆ 25,000ವು 31,250 ಆಗುವುದು.

ಜನಸಾಮಾನ್ಯರ ಕಣ್ಣಿಗೆ ಇದು ಸಣ್ಣ ಮೊತ್ತವಲ್ಲವೆಂಬುದನ್ನು ನಾವು ಬಲ್ಲೆವು. ಶಾಲಾ ಉಪಾಧ್ಯಾಯನೂ ತಾಲ್ಲೂಕು ಕಚೇರಿಯ ಗುಮಾಸ್ತನೂ ಇದನ್ನು ಕೇಳಿ ಹುಬ್ಬೇರಿಸಬಹುದು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಈ ಭತ್ಯೆಯು ನಿನ್ನೆ ರೆಕ್ಕೆ ಪಡೆದ ಹುಡುಗನಿಗೂ ಹದಿನೈದು ವರ್ಷ ಹಾರಿದ ಮುಂದಾಳಿಗೂ ಒಂದೇ ಆಗಿದೆ. ಅಪಾಯಕ್ಕೆ ಬೆಲೆ ಕಟ್ಟಿರುವರು, ಅನುಭವಕ್ಕೆ ಕಟ್ಟಿಲ್ಲ. ಇನ್ನೊಂದು, ಒಂದೇ ವಿಮಾನದಲ್ಲಿ ಕುಳಿತು ಒಂದೇ ಗಾಳಿಗೆ ಮೈಯೊಡ್ಡುವ ಫ್ಲೈಟ್ ಎಂಜಿನಿಯರ್, ಗನ್ನರ್, ಸರಕಿನ ಹೊಣೆ ಹೊತ್ತ ಲೋಡ್‌ಮಾಸ್ಟರ್, ಇವರ ಪ್ರಾಣಕ್ಕೆ ಅಧಿಕಾರಿಯ ಪ್ರಾಣಕ್ಕಿಂತ ಕಡಮೆ ಬೆಲೆ ಕಟ್ಟಿದಂತೆ ತೋರುತ್ತದೆ. ಮೂಲ ವೇತನದಲ್ಲಿ ದರ್ಜೆಯ ಅಂತರವಿರುವುದು ಸಹಜ; ಅಪಾಯದ ಭತ್ಯೆಯಲ್ಲಿ ಇಷ್ಟು ಅಂತರಕ್ಕೆ ಯಾವ ಯುಕ್ತಿಯೂ ನಮಗೆ ಕಾಣದು.

ಅಪಾಯವೆಂಬುದು ಬರಿಯ ಮಾತಲ್ಲ. ಆವರೆಗಿನ ನಾಲ್ಕು ದಶಕಗಳಲ್ಲಿ 482 ಮಿಗ್ ವಿಮಾನಗಳು ಅಪಘಾತಕ್ಕೀಡಾಗಿ 171 ಪೈಲಟರು ಮಡಿದರೆಂದು 2012ರಲ್ಲಿ ಆಗಿನ ರಕ್ಷಣಾ ಸಚಿವರಾಗಿದ್ದ ಶ್ರೀ ಎ. ಕೆ. ಆಂಟನಿಯವರೇ ಸಂಸತ್ತಿಗೆ ತಿಳಿಸಿದ್ದರು. ಬೆಂಗಳೂರಿನವರಿಗಂತೂ ಇದನ್ನು ದೂರದ ಅಂಕಿಗಳಿಂದ ಅರಿಯಬೇಕಾದ ಪ್ರಸಂಗವಿಲ್ಲ. 2019ರ ಫೆಬ್ರವರಿ 1ರಂದು ಹಳೆಯ ವಿಮಾನ ನಿಲ್ದಾಣದಲ್ಲಿ ಮಿರಾಜ್ ವಿಮಾನವು ಉರುಳಿ ಪರೀಕ್ಷಾ ಪೈಲಟರಿಬ್ಬರು ಅಸುನೀಗಿದರು. ಅದೇ ತಿಂಗಳ 19ರಂದು ಯಲಹಂಕದ ಆಕಾಶದಲ್ಲಿ, ಪ್ರದರ್ಶನದ ಅಭ್ಯಾಸ ನಡೆಯುತ್ತಿರುವಾಗಲೇ, ಎರಡು ಹಾಕ್ ವಿಮಾನಗಳು ಒಂದಕ್ಕೊಂದು ತಗುಲಿ ಮತ್ತೊಬ್ಬ ವೈಮಾನಿಕನು ಪ್ರಾಣ ತೆತ್ತನು. 2023ರ ಜೂನ್ 1ರಂದು ಚಾಮರಾಜನಗರದ ಬಳಿಯ ಹೊಲದಲ್ಲಿ ಕಿರಣ್ ತರಬೇತಿ ವಿಮಾನವು ಬಿದ್ದಾಗ ಅದರಲ್ಲಿದ್ದ ಇಬ್ಬರು ಹೊರಹಾರಿ ಬದುಕಿಕೊಂಡರು. ಇವೆಲ್ಲವೂ ಶಾಂತಿಕಾಲದ ಸಂಗತಿಗಳು. ಯಾವ ಶತ್ರುವೂ ಗುಂಡು ಹಾರಿಸಿರಲಿಲ್ಲ.

ಹೋಗುವವರು ಏಕೆ ಹೋಗುವರು?

ವೈಮಾನಿಕನ ಮನೆಯ ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳೋಣ. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲಿ ಸೇರಿದವನು ಇಪ್ಪತ್ತು ವರ್ಷದ ಸೇವೆಯನ್ನು ಮುಗಿಸುವಾಗ ನಲವತ್ತೆರಡರ ಆಸುಪಾಸಿನಲ್ಲಿರುವನು. ಅಧಿಕಾರಿಗೆ ಪಿಂಚಣಿ ದೊರೆಯಲು ಇಪ್ಪತ್ತು ವರ್ಷದ ಸೇವೆ ಬೇಕು; ಅದು ಆಗಷ್ಟೇ ಪೂರ್ಣವಾಗಿರುವುದು. ನಾಗರಿಕ ವಿಮಾನ ಕಂಪೆನಿಗಳಲ್ಲಿ ಅರುವತ್ತೈದರವರೆಗೆ ಹಾರಬಹುದು. ಅಲ್ಲಿ ಕ್ಯಾಪ್ಟನನಾದವನಿಗೆ ತಿಂಗಳಿಗೆ ಹಲವು ಲಕ್ಷ ಸಂಬಳ. ಇತ್ತ ವಾಯುಸೇನೆಯಲ್ಲಿಯಾದರೋ ಪದವಿಯು ಏರಿದಂತೆಲ್ಲ ಹಾರಾಟವು ಇಳಿದು ಕಡತಗಳು ಹೆಚ್ಚುವುವು. ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ಒಂದು ಸಲ ಅಸ್ಸಾಮು, ಮತ್ತೊಂದು ಸಲ ರಾಜಸ್ಥಾನ. ಮಗನು ಹತ್ತನೆಯ ತರಗತಿಗೆ ಬಂದಿರುವನು. ಹೆಂಡತಿಯು ತನ್ನ ಉದ್ಯೋಗವನ್ನು ಮೂರನೆಯ ಸಲ ಬಿಟ್ಟಿರುವಳು. ಊರಿನಲ್ಲಿ ತಂದೆತಾಯಿಗಳು ಮುದುಕರಾಗಿರುವರು. ಈ ಸ್ಥಿತಿಯಲ್ಲಿ ಬಿಡುಗಡೆಯ ಅರ್ಜಿಯನ್ನು ಬರೆಯುವವನನ್ನು ದೇಶದ್ರೋಹಿಯೆನ್ನಲು ಯಾರಿಗೆ ನಾಲಗೆ ಬರುವುದು?

ನಾಗರಿಕ ವಾಯುಯಾನದ ಸೆಳೆತವು ಇಂದಿನದಲ್ಲ. 2003ರಲ್ಲಿ ನಮ್ಮ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಆರಂಭಿಸಿದ ಕಾಲದಿಂದ ಅಗ್ಗದ ವಿಮಾನ ಕಂಪೆನಿಗಳು ಒಂದರ ಮೇಲೊಂದು ಹುಟ್ಟಿ ಪೈಲಟರಿಗೆ ಬೇಡಿಕೆ ಏರಿತು. ಈಗಿನ ಸೆಳೆತವು ಅದಕ್ಕಿಂತಲೂ ದೊಡ್ಡದು. 2023ರಲ್ಲಿ ಏರ್ ಇಂಡಿಯಾದವರು 470, ಇಂಡಿಗೊದವರು 500 ವಿಮಾನಗಳಿಗೆ ಬೇಡಿಕೆಯಿತ್ತರು. 2025ರ ಡಿಸೆಂಬರಿನಲ್ಲಿ ವಿಶ್ರಾಂತಿಯ ಹೊಸ ನಿಯಮಗಳಿಗೆ ತಕ್ಕಂತೆ ಪೈಲಟರನ್ನು ಒದಗಿಸಲಾರದೆ ಇಂಡಿಗೊದ ಸಾವಿರಾರು ಯಾನಗಳು ರದ್ದಾಗಿ, ಪ್ರಯಾಣಿಕರು ನಿಲ್ದಾಣಗಳಲ್ಲಿ ರಾತ್ರಿ ಕಳೆದುದನ್ನು ವಾಚಕರು ಮರೆತಿರಲಾರರು. ಅಂತಹ ಹಸಿವಿರುವ ಕಂಪೆನಿಗಳಿಗೆ ವಾಯುಸೇನೆಯಲ್ಲಿ ಪಳಗಿದ ಪೈಲಟನು ಸಿದ್ಧಪಡಿಸಿದ ಊಟವಿದ್ದಂತೆ. ತೆಂಗು ನೆಟ್ಟವನೊಬ್ಬ, ಎಳನೀರು ಕುಡಿದವನೊಬ್ಬ!

ಆದರೂ ಹೊರಗಿನ ಹುಲ್ಲೆಲ್ಲ ಹಸುರಲ್ಲ. ಕಿಂಗ್‌ಫಿಶರ್ ಕಂಪೆನಿಯು 2012ರಲ್ಲಿ ನಿಂತಾಗ, ಜೆಟ್ ಏರ್‌ವೇಸ್ 2019ರಲ್ಲಿ ನಿಂತಾಗ, ಪೈಲಟರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಯಲ್ಲಿ ನಿಂತರು. ಸರಕಾರಿ ಸೇವೆಯ ಭದ್ರತೆಗೂ ಸಮವಸ್ತ್ರದ ಗೌರವಕ್ಕೂ ಬೆಲೆಯಿದೆ. ಹಣವು ಎರಡು ಪಟ್ಟು ಸಿಕ್ಕಿದರೂ ಹೋಗದೆ ಉಳಿಯುವ ಮನಸ್ಸುಳ್ಳವರು ವಾಯುಸೇನೆಯಲ್ಲಿ ಇನ್ನೂ ಬಹುಮಂದಿ ಇರುವರು. ಅವರ ಮನಸ್ಸು ಮುರಿಯದಂತೆ ನೋಡಿಕೊಳ್ಳುವುದೇ ರಾಜ್ಯನೀತಿ.

ಇನ್ನು ಅಲ್ಪಾವಧಿಯ ಕಮಿಷನ್ನಿನಲ್ಲಿ ಸೇರಿದ ಪೈಲಟರ ಗತಿಯು ಬೇರೆಯೇ ಆಗಿದೆ. ಅವರಿಗೆ ಹದಿನಾಲ್ಕು ವರ್ಷದ ಸೇವೆ. ಪಿಂಚಣಿಗೆ ಇಪ್ಪತ್ತು ವರ್ಷ ಬೇಕಾಗಿರುವುದರಿಂದ ಅವರು ಗ್ರಾಚ್ಯುಟಿ ಮೊದಲಾದ ಇಡಿಗಂಟಿನೊಡನೆ, ಪಿಂಚಣಿಯಿಲ್ಲದೆ, ಮೂವತ್ತಾರು ಮೂವತ್ತೇಳರ ವಯಸ್ಸಿನಲ್ಲಿ ಮನೆಗೆ ಬರುವರು. ಪೈಲಟನ ಕೌಶಲ್ಯವು ತುತ್ತತುದಿಗೆ ಬರುವ ವಯಸ್ಸೂ ಅದೇ. ಇಲ್ಲಿ ಪೈಲಟನು ಸೇನೆಯನ್ನು ಬಿಡುವುದಲ್ಲ, ಸೇನೆಯೇ ಪೈಲಟನನ್ನು ಬಿಡುವುದು. ಒಂದು ಕಡೆ 596 ಜನರ ಕೊರತೆಯೆಂದು ದುಃಖಿಸುವುದು, ಇನ್ನೊಂದು ಕಡೆ ಪಳಗಿದ ಕೈಗಳಿಗೆ ಕಾಲಾವಧಿ ತೀರಿತೆಂದು ವಿದಾಯ ಹೇಳುವುದು: ಇದಕ್ಕಿಂತ ವಿಚಿತ್ರವಾದ ಮಿತವ್ಯಯವನ್ನು ನಾವು ಕಂಡಿಲ್ಲ.

ಬೀಗವು ಮದ್ದಲ್ಲ

ಬಿಡುವವರನ್ನು ತಡೆಯಲು ಸರಕಾರದ ಕೈಯಲ್ಲಿ ಬಲವಾದ ಅಸ್ತ್ರವಿದೆ. 1950ರ ವಾಯುಸೇನಾ ಕಾಯ್ದೆಯಂತೆ ಸೈನಿಕನ ಸೇವೆಯು ರಾಷ್ಟ್ರಪತಿಗಳ ಇಚ್ಛೆಗೆ ಒಳಪಟ್ಟುದು. ಹೊರಗೆ ಉದ್ಯೋಗ ದೊರೆತುದಕ್ಕಾಗಿ ಬಿಡುಗಡೆ ಕೋರಿದ ಏರ್‌ಮನ್ ಒಬ್ಬನ ಮೊಕದ್ದಮೆಯಲ್ಲಿ, ಮನಬಂದಾಗ ಸೇವೆಯನ್ನು ಬಿಟ್ಟುಹೋಗುವ ಹಕ್ಕು ವಾಯುಸೇನೆಯವನಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜುಲೈಯಲ್ಲಿ ತೀರ್ಪಿತ್ತಿತು. ಈ ತೀರ್ಪನ್ನು ನಾವು ಆಕ್ಷೇಪಿಸುವುದಿಲ್ಲ. ಯುದ್ಧದ ಮುನ್ನಾದಿನ ಎಲ್ಲರೂ ಅರ್ಜಿ ಹಾಕಿ ಹೊರಟುಹೋಗುವ ಸೇನೆಯು ಸೇನೆಯೇ ಅಲ್ಲ.

ಆದರೆ ಕಾನೂನಿನಲ್ಲಿರುವ ಅಧಿಕಾರ ಬೇರೆ, ಅದನ್ನು ನಿತ್ಯದ ಉಪಾಯವಾಗಿ ಬಳಸುವುದು ಬೇರೆ. 2020ರ ಕೊನೆಯಲ್ಲಿ ರಕ್ಷಣಾ ಇಲಾಖೆಯವರು ಮಾಡಿದ್ದ ಸಲಹೆಯೊಂದು ಪತ್ರಿಕೆಗಳಲ್ಲಿ ಹೊರಬಿದ್ದಿತು. ಅವಧಿಗೆ ಮೊದಲೇ ನಿವೃತ್ತಿ ಪಡೆಯುವವರಿಗೆ ಪಿಂಚಣಿಯನ್ನು ಕಡಿತಗೊಳಿಸಬೇಕೆಂದೂ, ಇಪ್ಪತ್ತರಿಂದ ಇಪ್ಪತ್ತೈದು ವರ್ಷದೊಳಗೆ ಬಿಡುವವರಿಗೆ ಅರ್ಧ ಪಿಂಚಣಿ ಮಾತ್ರ ಸಲ್ಲಬೇಕೆಂದೂ ಅದರಲ್ಲಿತ್ತು. ಸೇನೆಯ ವೃತ್ತದಲ್ಲಿ ದೊಡ್ಡ ಕೋಲಾಹಲವೆದ್ದು ಅದು ಕಾರ್ಯರೂಪಕ್ಕೆ ಬರಲಿಲ್ಲ. ಬಾರದಿದ್ದುದು ಒಳ್ಳೆಯದೇ ಆಯಿತು. ಸೇರುವಾಗ ಒಂದು ಮಾತು, ಇಪ್ಪತ್ತು ವರ್ಷ ದುಡಿದ ಮೇಲೆ ಇನ್ನೊಂದು ಮಾತು ಎಂದಾದರೆ ಮುಂದೆ ಯಾವ ಬುದ್ಧಿವಂತ ಹುಡುಗನು ಮೈಸೂರಿನ ಆಯ್ಕೆ ಮಂಡಲಿಯ ಬಾಗಿಲನ್ನು ತಟ್ಟುವನು? ಮನಸ್ಸಿಲ್ಲದವನನ್ನು ಕಟ್ಟಿಹಾಕಿ ನೇಗಿಲು ಹೊಡೆಸಬಹುದು. ಆದರೆ ಶಬ್ದದ ವೇಗವನ್ನು ಮೀರುವ ಯಂತ್ರವನ್ನು ನಡೆಸಲು ಆಗದು. ಅಲ್ಲಿ ಕ್ಷಣಮಾತ್ರದ ಅನ್ಯಮನಸ್ಕತೆಯೇ ಮೃತ್ಯು.

ಹೊರದೇಶಗಳ ಪಾಠ

ಅಮೆರಿಕದಲ್ಲಿ ಬೀಗಕ್ಕೆ ಬದಲು ಕರಾರನ್ನು ನಂಬಿರುವರು. ಅಲ್ಲಿ ರೆಕ್ಕೆ ಪಡೆದ ಪೈಲಟನು ಹತ್ತು ವರ್ಷ ಸೇವೆ ಸಲ್ಲಿಸಲೇಬೇಕು. ಅದು ತೀರಿದ ಮೇಲೆ ಇನ್ನಿಷ್ಟು ವರ್ಷ ಉಳಿಯುವೆನೆಂದು ಬರೆದುಕೊಟ್ಟವನಿಗೆ ವಾಯುಸೇನೆಯವರು 2024ರ ಕ್ರಮದಲ್ಲಿ ವರ್ಷಕ್ಕೆ 15,000ದಿಂದ 50,000 ಡಾಲರಿನವರೆಗೆ ವಿಶೇಷ ಹಣವನ್ನು ನೀಡಿದರು. ಹನ್ನೆರಡು ವರ್ಷಕ್ಕೆ ಒಪ್ಪಿದವನಿಗೆ ಒಟ್ಟು 6 ಲಕ್ಷ ಡಾಲರಿನವರೆಗೆ ಸಲ್ಲಬಹುದಾಗಿತ್ತು. ಯಾವ ವಿಮಾನದ ಪೈಲಟರ ಕೊರತೆ ಹೆಚ್ಚೋ ಅವರಿಗೆ ಹೆಚ್ಚು. ಎಷ್ಟು ದೀರ್ಘ ಕರಾರೋ ಅಷ್ಟು ಅಧಿಕ. ಎಫ್-22ರ ಹೊಸ ಪೈಲಟನನ್ನು ತಯಾರಿಸಲು ತಗಲುವ ಒಂದು ಕೋಟಿ ಡಾಲರಿನ ಮುಂದೆ ಆರು ಲಕ್ಷವು ಎಷ್ಟರದು? ಅಂತಹ ಕರಾರಿನ ಹಣವು ನಮ್ಮ ವೇತನಕ್ರಮದಲ್ಲಿ ಇಲ್ಲ.

ಆದರೂ ಅಲ್ಲಿಯೂ ಸುಮಾರು 2,000 ಪೈಲಟರ ಕೊರತೆಯು ವರ್ಷಗಳ ಕಾಲ ನೀಗಲಿಲ್ಲ. ಹಣವನ್ನು ಕೊಟ್ಟೂ ಹೀಗೇಕೆ? ಬಿಟ್ಟುಹೋಗುವ ಪೈಲಟರ ದೂರು ಹಣದ ಕುರಿತಷ್ಟೇ ಆಗಿರಲಿಲ್ಲ. ಹಾರಾಟಕ್ಕಿಂತ ಹೆಚ್ಚಾದ ಕಾಗದದ ಕೆಲಸ, ಮನೆಯಿಂದ ಬಹುಕಾಲದ ಅಗಲಿಕೆ, ಮುಂದಿನ ವರ್ಗವು ಎಲ್ಲಿಗೆಂಬ ಅನಿಶ್ಚಯ, ಇವು ಅವರನ್ನು ಹೊರದಬ್ಬಿದುವು. 2016ರಲ್ಲಿ ಅಲ್ಲಿನ ವಾಯುಸೇನೆಯು ದಳಗಳ ಮೇಲೆ ಹೇರಿದ್ದ ಅನೇಕ ಉಪಕಾರ್ಯಗಳನ್ನು ತೆಗೆದುಹಾಕಬೇಕಾಯಿತು. ಬ್ರಿಟನ್ನಿನವರು ಇನ್ನೊಂದು ಮಾರ್ಗವನ್ನು ಹಿಡಿದಿರುವರು. ಬಡ್ತಿಯ ಏಣಿಯನ್ನು ಹತ್ತದೆ ಹಾರುತ್ತಲೇ ಇರಲು ಇಚ್ಛಿಸುವ ಅನುಭವಿ ವೈಮಾನಿಕರಿಗೆಂದೇ ಅಲ್ಲಿ ಪ್ರತ್ಯೇಕವಾದ ವೇತನಶ್ರೇಣಿಯುಂಟು. ಅವನು ಮೇಜಿನ ಹಿಂದೆ ಕುಳಿತುಕೊಳ್ಳದೆಯೇ ಅವನ ಸಂಬಳವು ಏರುತ್ತದೆ. ಹಣ ಬೇಕು, ಹಣವೊಂದೇ ಸಾಲದು ಎಂಬ ಪಾಠವನ್ನು ಈ ಎರಡು ದೇಶಗಳಿಂದಲೂ ನಾವು ಕಲಿಯಬಹುದು.

ನಮ್ಮ ಸಲಹೆಗಳು

ಆದುದರಿಂದ ಆಯೋಗದವರಲ್ಲಿಯೂ ಸರಕಾರದವರಲ್ಲಿಯೂ ನಮ್ಮ ಬಿನ್ನಹವಿಷ್ಟು. ಮೊದಲನೆಯದಾಗಿ, ಹಾರಾಟದ ಭತ್ಯೆಯು ಹಾರಿದ ವರ್ಷಗಳೊಡನೆ ಏರುವಂತಾಗಲಿ. ಅಧಿಕಾರಿಗಳಲ್ಲದ ವೈಮಾನಿಕರ ಭತ್ಯೆಯ ಅಂತರವು ತಗ್ಗಲಿ. ಎರಡನೆಯದಾಗಿ, ಹನ್ನೆರಡರಿಂದ ಇಪ್ಪತ್ತು ವರ್ಷದ ಸೇವೆಯ ನಡುವಿನಲ್ಲಿ, ಸ್ವಂತ ಇಚ್ಛೆಯಿಂದ ಮುಂದುವರಿಯಲು ಒಪ್ಪುವವರಿಗೆ ಕರಾರಿನ ವಿಶೇಷ ಹಣವು ದೊರೆಯಲಿ. ಮೂರನೆಯದಾಗಿ, ಹಾರುವುದನ್ನೇ ಜೀವನವೃತ್ತಿಯಾಗಿ ಮಾಡಿಕೊಳ್ಳಬಯಸುವವರಿಗೆ ಪ್ರತ್ಯೇಕ ಶ್ರೇಣಿಯಾಗಲಿ. ತರಬೇತಿ ಶಾಲೆಗಳ ಗುರುಗಳ ಕೊರತೆಯೂ ಇದರಿಂದ ನೀಗೀತು. ನಾಲ್ಕನೆಯದಾಗಿ, ಅಲ್ಪಾವಧಿಯ ಪೈಲಟರಲ್ಲಿ ಯೋಗ್ಯರಾದವರಿಗೆ ಇಪ್ಪತ್ತು ವರ್ಷ ಮುಟ್ಟಿಸುವ ಅವಕಾಶವಿರಲಿ. ಹಾಗಾಗದವರಿಗೆ ಸೇವೆಯ ಪ್ರಮಾಣಕ್ಕೆ ತಕ್ಕ ಪಿಂಚಣಿಯಿರಲಿ.

ಐದನೆಯದಾಗಿ, ಹೋಗುವವರು ಮರ್ಯಾದೆಯಿಂದ ಹೋಗುವ ದಾರಿಯೂ ಇರಲಿ. ಅರ್ಜಿ ಹಾಕಿದವನಿಗೆ ಇಂತಹ ದಿನ ಬಿಡುಗಡೆಯೆಂದು ನಿಶ್ಚಯವಾಗಿ ಹೇಳುವುದು, ಹೋದವನನ್ನು ಮೀಸಲು ಪಡೆಯಲ್ಲಿರಿಸಿ ವರ್ಷಕ್ಕೆ ಕೆಲವು ವಾರ ಹಾರಿಸುವುದು, ಇವೆರಡೂ ಸೇರಿದರೆ ನಾಗರಿಕ ಕಂಪೆನಿಯ ಪೈಲಟನು ರಾಷ್ಟ್ರಕ್ಕೆ ನಷ್ಟವಾಗುವುದಿಲ್ಲ. ಈ ಕಲ್ಪನೆಯು ಹೊಸದೇನೂ ಅಲ್ಲ. ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆಯು 1952ರಲ್ಲಿಯೇ ಆಯಿತು. ಅದರಂತೆ ದಿಲ್ಲಿ, ಮುಂಬಯಿ, ಮದರಾಸು ಮೊದಲಾದೆಡೆ ಸಹಾಯಕ ದಳಗಳು ನಿಂತು ಬಳಿಕ ಕಾಯಂ ದಳಗಳಲ್ಲಿ ಬೆರೆತುಹೋದುವು. ಹಳೆಯ ಆ ಬೀಜವನ್ನು ಮತ್ತೆ ಬಿತ್ತುವುದು ಕಷ್ಟವಲ್ಲ.

ಇದಕ್ಕೆಲ್ಲ ಬೊಕ್ಕಸವು ತಡೆದೀತೆ ಎಂದು ಹಣಕಾಸಿನ ಅಧಿಕಾರಿಗಳು ಕೇಳುವರು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ನಾಲ್ಕು ಸಾವಿರ ಪೈಲಟರೆಂದು ಹಿಡಿದು, ಒಬ್ಬೊಬ್ಬನಿಗೂ ತಿಂಗಳಿಗೆ ಇನ್ನೂ 25,000 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ ಬೀಳುವ ವೆಚ್ಚವು 120 ಕೋಟಿ. ತೇಜಸ್ ಕರಾರಿನ ಮೊತ್ತವನ್ನು ವಿಮಾನಗಳ ಸಂಖ್ಯೆಯಿಂದ ಭಾಗಿಸಿದರೆ, ಸಲಕರಣೆಗಳೊಡನೆ ವಿಮಾನವೊಂದಕ್ಕೆ ಸುಮಾರು 643 ಕೋಟಿ ಆಗುವುದು. ಅಂದರೆ ಇಡೀ ವಾಯುಸೇನೆಯ ಪೈಲಟರಿಗೆ ವರ್ಷಕ್ಕೆ ಕೊಡುವ ಈ ಹೆಚ್ಚಿಗೆಯು ಒಂದು ವಿಮಾನದ ಐದನೆಯ ಒಂದು ಪಾಲಿಗೂ ಕಡಮೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ನಮ್ಮ ಹಣಕಾಸಿನ ಅಧಿಕಾರಿಗಳಿಗೆ ನೆನಪಿಸಬೇಕಾಗಿದೆ.

ಮತ್ತೊಂದು ಆಕ್ಷೇಪವು ಹೆಚ್ಚು ಗಂಭೀರವಾದುದು. ಸಿಯಾಚಿನ್ನಿನ ಹಿಮದಲ್ಲಿ ನಿಂತ ಪದಾತಿಗೆ ಇಲ್ಲದ ಹೆಚ್ಚುಗಾರಿಕೆಯು ವೈಮಾನಿಕನಿಗೇಕೆ? ಆ ಹಿಮದಲ್ಲಿ ನಿಂತವನ ಕಷ್ಟವು ಎಲ್ಲಕ್ಕೂ ಮಿಗಿಲಾದುದೆಂಬುದನ್ನು ಏಳನೆಯ ಆಯೋಗದ ಕ್ರಮವೇ ಒಪ್ಪಿದೆ. ಅಲ್ಲಿಯ ಭತ್ಯೆಯು ಅಧಿಕಾರಿಗಳಿಗೆ 42,500ಕ್ಕೂ ಸಿಪಾಯಿಗಳಿಗೆ 30,000ಕ್ಕೂ ನಿಗದಿಯಾಯಿತು. ಅದರಲ್ಲಿ ಒಂದು ಕಾಸನ್ನೂ ಕಡಿಮೆ ಮಾಡಬೇಕೆಂದು ನಾವು ಹೇಳಲಾರೆವು. ಕಷ್ಟಕ್ಕೆ ತಕ್ಕ ಭತ್ಯೆಯು ಎಲ್ಲರಿಗೂ ಸಲ್ಲಲಿ. ಆದರೆ ಉಳಿಸಿಕೊಳ್ಳುವ ಹಣವು ಕಷ್ಟದ ಬೆಲೆಯಲ್ಲ. ರಾಷ್ಟ್ರವು ಈಗಾಗಲೇ ವ್ಯಯಿಸಿದ ಕೋಟಿಗಳ ರಕ್ಷಣೆಗಾಗಿ ಕಟ್ಟುವ ವಿಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು.

ದೇಶಭಕ್ತಿಯನ್ನು ಸಂಬಳದಿಂದ ಅಳೆಯಬಾರದೆಂದು ಹೇಳುವವರೂ ಉಂಟು. ನಿಜ, ಆದರೆ ದೇಶಭಕ್ತಿಯ ಹೆಸರಿನಲ್ಲಿ ಸಂಬಳವನ್ನು ಹಿಡಿದಿಡಲೂಬಾರದು. 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಸೇನೆಯು ಹುಟ್ಟಿದಾಗ ಅದರಲ್ಲಿದ್ದ ಭಾರತೀಯ ಪೈಲಟರು ಐವರು. 1933ರ ಏಪ್ರಿಲಿನಲ್ಲಿ ಕರಾಚಿಯಲ್ಲಿ ಮೊದಲ ದಳವು ನಿಂತಾಗ ಇದ್ದ ವಿಮಾನಗಳು ನಾಲ್ಕು. ಅವರಲ್ಲೊಬ್ಬರಾದ ಸುಬ್ರತೊ ಮುಖರ್ಜಿಯವರು 1954ರಲ್ಲಿ ಆ ಸೇನೆಯ ಮೊದಲ ಭಾರತೀಯ ಅಧಿಪತಿಗಳಾದರು. ಆಗಿನ ಆಳರಸರು ಭೂಸೇನೆಯಲ್ಲಿ ದೆಹರಾದೂನಿನಿಂದ ಹೊರಬಂದ ಭಾರತೀಯ ಅಧಿಕಾರಿಗೆ ಬ್ರಿಟಿಷ್ ಅಧಿಕಾರಿಗಿಂತ ಕಡಮೆ ಸಂಬಳವನ್ನು ಕೊಡುತ್ತಿದ್ದರು. ಸ್ವದೇಶದಲ್ಲಿ ದುಡಿಯುವವನಿಗೆ ಅಷ್ಟು ಸಾಕೆಂಬುದು ಅವರ ವಾದ. ಅಂದು ಅದನ್ನು ಅನ್ಯಾಯವೆಂದು ನಮ್ಮ ದೇಶಾಭಿಮಾನಿಗಳು ಕೂಗಿದರು. ಇಂದು ಸರಕಾರವು ನಮ್ಮದೇ, ಬೊಕ್ಕಸವೂ ನಮ್ಮದೇ, ಆಕಾಶವೂ ನಮ್ಮದೇ. ದೂರು ಹೊರಿಸಲು ಪರರಿಲ್ಲ. ಸ್ವದೇಶಕ್ಕಾಗಿ ದುಡಿಯುವವನಿಗೆ ಅಷ್ಟು ಸಾಕೆಂಬ ಪರರ ಆ ಹಳೆಯ ಮಾತು ನಮ್ಮವರ ಬಾಯಿಂದ ಮತ್ತೊಮ್ಮೆ ಹೊರಡದಿರಲಿ.

ಬೀದರಿನ ಓಡುದಾರಿಯಿಂದ ಈ ದಿನವೂ ಒಬ್ಬ ಹುಡುಗನು ಮೊದಲ ಬಾರಿಗೆ ಒಬ್ಬನೇ ಮೇಲೇರಿರಬಹುದು. ಅವನು ಹದಿನೈದು ವರ್ಷದ ಬಳಿಕ ಎಲ್ಲಿರುವನೆಂಬುದು ಅವನ ಮನಸ್ಸಿನ ಮೇಲೆ ಎಷ್ಟು ಅವಲಂಬಿಸಿದೆಯೋ, ದಿಲ್ಲಿಯಲ್ಲಿ ಕುಳಿತು ಅಂಕಿಗಳನ್ನು ಕೂಡಿಸುವವರ ದೂರದೃಷ್ಟಿಯ ಮೇಲೆಯೂ ಅಷ್ಟೇ ಅವಲಂಬಿಸಿದೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದ ಅಪಕೀರ್ತಿಯು ಈ ಆಯೋಗಕ್ಕೆ ಬಾರದಿರಲೆಂದು ಹಾರೈಸುವೆವು.